ಮುಯ್ಯಿಗೆ ಹೊತ್ತ ಕಂಬಳಿಗಳು

ನಮ್ಮ ಟೀಚರಿಗೆ ಹೆದರಿಕೆಯಾದರೆ ಕುತ್ತಿಗೆ ಕೆಂಪಾಗುತ್ತಿತ್ತು. ರವಿಕೆಯ ಅಂಚಿನಲ್ಲಿ ಹುಟ್ಟಿದ ಕೆಂಪು ತೇಪೆತೇಪೆಯಾಗಿ ಮೇಲೇರಿ ಕಿವಿಯ ಹಾಲೆಗಳನ್ನು ಮುಟ್ಟಿ ನಿಲ್ಲುತ್ತಿತ್ತು. ನಾವು ಮಕ್ಕಳು ಅಕ್ಷರಗಳಿಗಿಂತ ಮೊದಲು ಅದನ್ನು ಓದಲು ಕಲಿತಿದ್ದೆವು. ಗುಡುಗಿಗೆ ಅದು ಕೊರಳ ಬುಡದಲ್ಲಿಯೇ ಉಳಿಯುತ್ತಿತ್ತು. ಶಾಲಾ ಇನ್‌ಸ್ಪೆಕ್ಟರು ಬಂದರೆ ದವಡೆಗೆ ಏರುತ್ತಿತ್ತು. ನಮ್ಮ ಬಿಡಾರಗಳಿಗೂ ಶಾಲೆಗೂ ನಡುವೆ ಇದ್ದ ತೋಡಿನ, ಅಂದರೆ ಹಳ್ಳದ, ಸಂಕವನ್ನು ದಾಟುವಾಗ ಕಿವಿಗಳೆರಡೂ ದಾಸವಾಳದಂತಾಗುತ್ತಿದ್ದವು. ಎರಡು ದಿಮ್ಮಿಗಳನ್ನು ಜೋಡಿಸಿದ ಆ ಕಾಲುಸೇತುವೆಯನ್ನು ಅವರು ಎಂದೂ ನಡೆದು ದಾಟಿದವರಲ್ಲ. ಕೊಡೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕುಳಿತು, ತೆವಳಿಕೊಂಡೇ ಬರುತ್ತಿದ್ದರು. ಆಚೆ ದಡದಿಂದ ಯಾರಾದರೊಬ್ಬ ಹುಡುಗ "ಕೆಳಗೆ ನೋಡಬೇಡಿ ಟೀಚರೇ!" ಎಂದು ಕೂಗಿದರೆ, ದಡ ಸೇರಿ ಕೊಡೆಯನ್ನು ಬಾಯಿಂದ ತೆಗೆದ ಮೇಲೆ ಉತ್ತರ ಬರುತ್ತಿತ್ತು: "ನಾನು ನೋಡದಿದ್ದರೆ ಏನಾಯ್ತು ಮಾರಾಯ, ನೀರಿಗೆ ನಾನು ಕಾಣುದಿಲ್ವಾ?"

ನನ್ನ ತಿಳುವಳಿಕೆಯಲ್ಲಿ ಅವರಷ್ಟು ಹೆದರಿಕೆಯ ಮನುಷ್ಯರನ್ನು ನಾನು ಕಂಡಿಲ್ಲ. ಈ ಮಾತನ್ನು ಗೌರವದಿಂದಲೇ ಬರೆಯುತ್ತಿದ್ದೇನೆ.

ಅವರು ನಮ್ಮ ಶಾಲೆಗೆ ಬಂದ ವರ್ಷವನ್ನು ಖಚಿತವಾಗಿ ಹೇಳಲಾರೆ. ದಿನಾಂಕಗಳನ್ನು ತಾಳೆನೋಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವಳಿಗೆ ಇದು ಹಿತವಾದ ಸಂಗತಿಯಲ್ಲ. ನನ್ನ ಅಕ್ಕ ೧೯೫೪ ಎನ್ನುತ್ತಾಳೆ. ಆದರೆ ಅಕ್ಕ ತನ್ನ ಮದುವೆಯ ವರ್ಷವನ್ನೇ ಎರಡು ಬಗೆಯಾಗಿ ಹೇಳುವವಳು. ನಾವು ಮದರಾಸು ಸರಕಾರದ ಕೆಳಗಿದ್ದಾಗಲೇ ಅವರು ಬಂದಿದ್ದರು ಎಂಬುದಷ್ಟು ನಿಶ್ಚಿತ. ಏಕೆಂದರೆ ೧೯೫೬ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಶಾಲೆಯಲ್ಲಿ ಮಿಠಾಯಿ ಹಂಚಿದವರು ಅವರೇ, ಮತ್ತು ಆ ಮಿಠಾಯಿಯನ್ನು ನನ್ನ ಪಕ್ಕದಲ್ಲಿ ಕುಳಿತು ತಿಂದವಳು ಗೌರಿ. ಗೌರಿಯ ಸಂಗತಿಗೆ ಮುಂದೆ ಬರುತ್ತೇನೆ.

ಅರಂತೋಡು ದಾಟಿ ಮಡಿಕೇರಿಯ ಕಡೆಗೆ ಏರುವ ರಸ್ತೆಯ ಬದಿಯಲ್ಲಿ ನಮ್ಮ ಬಿಡಾರಗಳಿದ್ದವು. ನಮ್ಮ ಸುಳ್ಯ ಸೀಮೆ ಆಗ ಪುತ್ತೂರು ತಾಲೂಕಿಗೇ ಸೇರಿತ್ತು. ಮನೆಗೊಂದು ತುಂಡು ಗೇಣಿ ಗದ್ದೆ. ಉಳಿದ ದಿನಗಳಲ್ಲಿ ಗಂಡಸರಿಗೆ ರಸ್ತೆಯ ಜಲ್ಲಿ ಒಡೆಯುವ ಕೆಲಸ. ಗದ್ದೆಯೂ ಬಿಡಾರದ ನೆಲವೂ ಧಣಿಗಳದ್ದು. ಧಣಿಗಳನ್ನು ನಾವು ಕಂಡದ್ದು ಕಡಿಮೆ. ಕಾಣುತ್ತಿದ್ದವನು ಮೇಸ್ತ್ರಿ. ಗೇಣಿ ಅಳೆಯುವವನು ಅವನು, ಜಲ್ಲಿಯ ಕೆಲಸಕ್ಕೆ ಆಳು ಆರಿಸುವವನು ಅವನು, ಘಟ್ಟದ ಮೇಲಿನ ಕಾಫಿ ತೋಟಗಳಿಗೆ ಮಕ್ಕಳನ್ನು ಒಯ್ಯುವವನೂ ಅವನೇ.

ಅವನ ಸ್ವರ ದೊಡ್ಡದಾದದ್ದನ್ನು ನಾನು ಕೇಳಿಲ್ಲ. ಅಂಗಳಕ್ಕೆ ಬಂದರೆ ಮಕ್ಕಳ ತಲೆ ಸವರುತ್ತಿದ್ದ. ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದ. ಕಾಫಿ ಗಿಡದ ಕೆಳಗಿನ ಕೊಂಬೆಗಳ ಹಣ್ಣನ್ನು ಕೊಯ್ಯಲು, ಬುಡದಲ್ಲಿ ಉದುರಿದ್ದನ್ನು ಹೆಕ್ಕಲು ದೊಡ್ಡವರ ಬೆನ್ನು ಬಾಗುವುದಿಲ್ಲ. ಮಗುವಿಗೆ ಬಾಗುವ ಅಗತ್ಯವೇ ಇಲ್ಲ. ಇದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆ. ಆಗ ತಿಳಿದಿದ್ದದ್ದು ಒಂದೇ: ಅವನು ಬೆರಳು ನೋಡಿದ ಮನೆಗೆ ಕೆಲವು ದಿನಗಳಲ್ಲಿ ಒಂದಿಷ್ಟು ಅಕ್ಕಿಯೂ ಒಂದು ಕಪ್ಪು ಕಂಬಳಿಯೂ ಬರುತ್ತಿದ್ದವು. ಒಪ್ಪಂದಕ್ಕೆ ಬೇರೆ ಮಾತಿರಲಿಲ್ಲ. ನಮ್ಮ ಸೆಕೆಯ ಊರಿನಲ್ಲಿ ಕಂಬಳಿ ಹೊದೆಯುವವರಿಲ್ಲ. ಬಿಡಾರದ ಮುಂದಿನ ಹಗ್ಗದಲ್ಲಿ ಹೊಸ ಕಂಬಳಿ ಕಂಡಿತೆಂದರೆ, ಆ ಮನೆಯ ಮಗು ಡಿಸೆಂಬರಿನಲ್ಲಿ ಲಾರಿ ಹತ್ತುತ್ತದೆ ಎಂದು ಅರ್ಥ. ಶಾಲೆಗೆ ಹೋಗುವ ದಾರಿಯಲ್ಲಿ ನಾವು ಹಗ್ಗಗಳನ್ನು ನೋಡಿಕೊಂಡೇ ನಡೆಯುತ್ತಿದ್ದೆವು. ಒಬ್ಬರೂ ಅದರ ಬಗ್ಗೆ ಮಾತನಾಡುತ್ತಿರಲಿಲ್ಲ.

ಹೋದವರಲ್ಲಿ ಹೆಚ್ಚಿನವರು ಶಿವರಾತ್ರಿಯ ಹೊತ್ತಿಗೆ ಮರಳುತ್ತಿದ್ದರು. ಮರಳಿದವರು ಮತ್ತೆ ಶಾಲೆಗೆ ಬರುತ್ತಿರಲಿಲ್ಲ.

ಟೀಚರಿಗೆ ಒಂದು ಅಭ್ಯಾಸವಿತ್ತು. ಹಾಜರಿ ಕರೆದು ಮುಗಿದೊಡನೆ, ತರಗತಿಯನ್ನು ಹೆಡ್ಮಾಷ್ಟ್ರ ಕಿವಿಗೆ ಒಪ್ಪಿಸಿ, ಬಾರದ ಮಗುವಿನ ಮನೆಗೆ ಹೊರಡುವುದು. ಅಲ್ಲಿ ಗದರುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಜಗಲಿಯ ಅಂಚಿನಲ್ಲಿ ಕುಳಿತು, ನಾಯಿಯ ಭಯಕ್ಕೆ ಕಾಲುಗಳನ್ನು ಮೇಲೆತ್ತಿಕೊಂಡು, ಮನೆಯವರು ಮಾಡುವ ಕೆಲಸವನ್ನು ನೋಡುವುದು. ಹೋಗುವ ಲಕ್ಷಣವೇ ಇಲ್ಲ. ನನ್ನ ಅಮ್ಮ ನೆರೆಯ ಐಸಮ್ಮನಿಗೆ ಹೇಳುತ್ತಿದ್ದಳು: "ಇವರನ್ನು ಎಬ್ಬಿಸ್ಲಿಕ್ಕೆ ಒಂದೇ ದಾರಿ ಮಾರಾಯ್ತಿ, ಹುಡುಗಿಯ ಕೈ ಹಿಡಿಸಿ ಕಳಿಸುದು." ಐಸಮ್ಮ ರಸ್ತೆಬದಿಯಲ್ಲಿ ಒಣಮೀನು ಮಾರುವ ಬ್ಯಾರಿ ಹೆಂಗಸು, ಅವಳ ನಾಲಗೆಗೆ ಮೇಸ್ತ್ರಿಯೂ ಸ್ವಲ್ಪ ದೂರ ನಿಲ್ಲುತ್ತಿದ್ದ. "ನನ್ನ ಜಗಲಿಯಲ್ಲಿ ಕೂತ್ಕೊಂಡ್ರೆ ಮೀನು ಮಾರ್ಲಿಕ್ಕೆ ಹಾಕ್ತೇನೆ" ಎನ್ನುತ್ತಿದ್ದಳು ಅವಳು. ಹಾಗೆಂದರೂ ತನ್ನ ಮಗಳನ್ನು ಅವಳೂ ಕಳಿಸುತ್ತಿದ್ದಳು.

ಗೌರಿಯ ಮನೆಗೆ ಕಂಬಳಿ ಬಂದದ್ದು ಆ ಮಿಠಾಯಿಯ ದಿನದ ಬಳಿಕ, ಆದ್ದರಿಂದ ೧೯೫೬ರ ನವೆಂಬರಿನಲ್ಲಿ ಅಥವಾ ಡಿಸೆಂಬರಿನ ಮೊದಲಿಗೆ. ಟೀಚರು ಗೌರಿಯ ಅಪ್ಪನ ಜಗಲಿಯಲ್ಲಿ ಮೂರು ದಿನ ಕುಳಿತರು. ನಾಲ್ಕನೆಯ ದಿನ ಆ ಮನುಷ್ಯ ಎದ್ದು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ಮೇಸ್ತ್ರಿಯ ಕೈಯಲ್ಲಿ ಕೊಟ್ಟು ಬಂದ. ಮೇಸ್ತ್ರಿ ನಗುತ್ತಲೇ ತೆಗೆದುಕೊಂಡನಂತೆ. "ಆಗ್ಲಿ ಮಾರಾಯ, ಓದಲಿ" ಎಂದನಂತೆ. ಮರುದಿನ ಜಲ್ಲಿಯ ಕೆಲಸಕ್ಕೆ ಅವನ ಹೆಸರು ಕರೆಯಲಿಲ್ಲ. ಅದರ ಮರುದಿನವೂ ಇಲ್ಲ. ಅದರ ಮೇಲೆ, ಬಿಡಾರದ ನೆಲ ಧಣಿಗಳಿಗೆ ಬೇಕಾಗಿದೆ ಎಂಬ ಮಾತು ಬಂತು. ಊರಿನವರು ಅವನ ಅಂಗಳವನ್ನು ಬಳಸಿ ನಡೆಯತೊಡಗಿದರು. ಅವನೊಡನೆ ಮಾತನಾಡಿದ್ದನ್ನು ಯಾರಾದರೂ ನೋಡಿಯಾರು ಎಂಬ ಭಯ. ನಮ್ಮ ಮನೆಯವರೂ ಹಾಗೆಯೇ ನಡೆದರು. ಕೊನೆಗೆ ಅವನೇ ಹೋಗಿ ಕಂಬಳಿಯನ್ನು ಕೇಳಿ ತಂದ. ಲಾರಿಯ ಹಿಂಬದಿಯಲ್ಲಿ ಗೌರಿ ಅದನ್ನು ತಲೆಯ ಮೇಲೆ ಹೊದ್ದುಕೊಂಡು ಕುಳಿತಿದ್ದಳು. ಮುಖ ಕಾಣಲಿಲ್ಲ.

ಶಿವರಾತ್ರಿಗೆ ಲಾರಿ ಬಂದಾಗ ಕಂಬಳಿ ಮಾತ್ರ ಬಂತು. "ಜ್ವರ," ಎಂದ ಮೇಸ್ತ್ರಿ. "ಮಣ್ಣಿನ ಕೆಲಸ ಅಲ್ಲಿಯೇ ಮುಗಿಸಿದೆವು. ಎಂತ ಮಾಡುದು, ದೇವರಿಟ್ಟದ್ದು."

ಆ ಬಳಿಕ ಟೀಚರು ಕೆಲವು ದಿನ ಶಾಲೆಗೆ ಬರಲಿಲ್ಲ. ಬಂದಾಗ ಅವರ ಧ್ವನಿ ಇಳಿದಿತ್ತು. ಯಾರ ಜಗಲಿಯಲ್ಲಿಯೂ ಕೂರಲಿಲ್ಲ. ನಮಗೆ ಮಗ್ಗಿ ಹೇಳಿಕೊಡುತ್ತಾ ಮಧ್ಯದಲ್ಲಿ ನಿಲ್ಲಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರು ಶಾಲೆ ಬಿಟ್ಟುಹೋಗುತ್ತಾರೆಂದು ಹೆಡ್ಮಾಷ್ಟ್ರು ಖಚಿತವಾಗಿ ನಂಬಿದ್ದರು. ಟೀಚರು ಹೋಗಲಿಲ್ಲ. ಆ ಮಳೆಗಾಲದಲ್ಲಿ, ಭಾನುವಾರಗಳಲ್ಲಿ, ಸಂಕದ ಮೇಲೆ ತೆವಳಿಕೊಂಡು ಬಂದು ಗದ್ದೆಯ ಬದುವಾದ ಹುಣಿಯಲ್ಲಿ ನಿಲ್ಲುತ್ತಿದ್ದರು. ಹೆಂಗಸರು ಭತ್ತದ ನೇಜಿ ನೆಡುವುದನ್ನು ನೋಡುತ್ತಿದ್ದರು.

ನಮ್ಮಲ್ಲಿ ನೇಜಿಗೆ ಕೂಲಿ ಕೊಟ್ಟು ಆಳು ಕರೆಯುವ ತಾಕತ್ತು ಒಬ್ಬರಿಗೂ ಇರಲಿಲ್ಲ. ಇದ್ದದ್ದು ಮುಯ್ಯಿ. ಇವತ್ತು ಎಲ್ಲರೂ ನಿನ್ನ ಗದ್ದೆಗೆ, ನಾಳೆ ಎಲ್ಲರೂ ನನ್ನ ಗದ್ದೆಗೆ. ದುಡಿಮೆಗೆ ದುಡಿಮೆಯೇ ಹಿಂತಿರುಗುವುದು. ಅದಕ್ಕೆ ಬರೆಯದ ಕಟ್ಟಳೆಗಳಿದ್ದವು. ಮುಯ್ಯಿಗೆ ಕರೆದರೆ ಇಲ್ಲವೆನ್ನುವ ಹಾಗಿಲ್ಲ. ಮುಯ್ಯಿಗೆ ಬಂದವರು ಮಾಡುವುದು ಗದ್ದೆಯವರ ಕೆಲಸ, ಅದರ ತಂಟೆ ತಕರಾರು ಬಂದವರ ತಲೆಗೆ ಬರುವುದಿಲ್ಲ. ಮುಯ್ಯಿಗೆ ಬಂದವರನ್ನು ಅವಮಾನಿಸಿದ ಮನೆಯ ಗದ್ದೆಗೆ ಆಮೇಲೆ ಯಾರೂ ಇಳಿಯುವುದಿಲ್ಲ. ಇದು ಧಣಿಗಳಿಗೂ ತಿಳಿದದ್ದು, ಹತ್ತಿರದಲ್ಲಿಯೇ ತನ್ನದೂ ಗದ್ದೆಯಿದ್ದ ಮೇಸ್ತ್ರಿಗಂತೂ ಚೆನ್ನಾಗಿಯೇ ತಿಳಿದದ್ದು.

ಮುಂದಿನ ಸರದಿಯಲ್ಲಿ ಕಂಬಳಿಗಳು ಒಮ್ಮೆಲೇ ಬಂದವು. ಇದು ೧೯೫೭ರ ಕೊನೆ. ಈ ವಿಷಯದಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ಆ ವರ್ಷ ಹೊಸ ಪೈಸೆ ಬಂದಿತ್ತು, ಮತ್ತು ಐಸಮ್ಮ ಹಳೆಯ ಆಣೆಯಲ್ಲಿಯೇ ಮೀನು ಮಾರುತ್ತೇನೆಂದು ಗಿರಾಕಿಗಳೊಡನೆ ಜಗಳವಾಡುತ್ತಿದ್ದಳು. ಐಸಮ್ಮನ ಮನೆಗೆ ಒಂದು ಬಂತು. ಆಚೆಮನೆಗೆ ಒಂದು. ತೋಡಿನ ಕೆಳಗಿನ ಬಿಡಾರಗಳಲ್ಲಿ ಮೂರೋ ನಾಲ್ಕೋ. ಒಂದು ಸಂಜೆ ಶಾಲೆಯಿಂದ ಬಂದಾಗ ನಮ್ಮ ಹಗ್ಗದಲ್ಲಿಯೂ ಒಂದಿತ್ತು.

ಅಕ್ಕನಿಗೆ ವಯಸ್ಸು ಮೀರಿತ್ತು. ತಮ್ಮ ತೊಟ್ಟಿಲಲ್ಲಿದ್ದ. ಅದು ನನ್ನದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅದಕ್ಕೆ ಕುರಿಯ ವಾಸನೆಯೂ ಸೀಮೆಎಣ್ಣೆಯ ವಾಸನೆಯೂ ಇತ್ತು. ನಾನು ಅದರ ಕೆಳಗೆ ಬಾಗಿ ಒಳಗೆ ಹೋದೆ. ಅಮ್ಮ ಒಲೆಯ ಮುಂದೆ ಕುಳಿತಿದ್ದಳು, ತಿರುಗಿ ನೋಡಲಿಲ್ಲ. ಅಪ್ಪ ಅಂದು ಊಟಕ್ಕೂ ಒಳಗೆ ಬರಲಿಲ್ಲ. ಅಮ್ಮ ಬಡಿಸಿದ ಅನ್ನ ಬೆಳ್ಳಗಿತ್ತು. ನಮ್ಮ ಮನೆಯ ಕುಚ್ಚಲಕ್ಕಿಯಲ್ಲ ಅದು. ನಾನು ತಿಂದೆ. ಹಸಿವೂ ಭಯವೂ ಒಂದೇ ಹೊಟ್ಟೆಯಲ್ಲಿ ಇರಬಲ್ಲವು ಎಂದು ಆಗ ತಿಳಿಯಿತು.

ಮರುದಿನ ಟೀಚರು ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಒಂದು ವರ್ಷದಲ್ಲಿ ಮೊದಲ ಸಲ. ಅಮ್ಮ ಹೊರಬಂದು ಬಾಗಿಲಿಗೆ ಅಡ್ಡ ನಿಂತಳು.

"ಹೋಗಿ ಟೀಚರೇ. ನಿಮ್ಮ ಮಾತು ಕೇಳಿ ಗೌರಿಯ ಅಪ್ಪನದ್ದು ಎಂತ ಆಯ್ತು, ಗೊತ್ತುಂಟಲ್ಲ?"

"ಗೊತ್ತುಂಟು. ದಿವಸಾ ನೆನಪಾಗ್ತದೆ." ಕೆಂಪು ಆಗಲೇ ದವಡೆ ದಾಟಿತ್ತು. "ಒಂದು ಮನೆಗೆ ಮಾತ್ರ ಧೈರ್ಯ ಹೇಳಿದೆ ನಾನು. ಆ ಧೈರ್ಯ ಅವರಿಗೆ ಕೇಡು ತಂತು. ಈ ಸರ್ತಿ ನಿಮ್ಮನ್ನು ಒಬ್ಬರನ್ನೇ ಏನೂ ಮಾಡ್ಲಿಕ್ಕೆ ಹೇಳುದಿಲ್ಲ."

"ಮತ್ತೆಂತ, ಎಲ್ಲರೂ ಒಟ್ಟಿಗೆ ಕಂಬಳಿ ಹೊತ್ತುಕೊಂಡು ಹೋಗುದಾ?"

ಬೇಲಿಯಾಚೆ ಮೀನಿನ ಬುಟ್ಟಿ ತೊಳೆಯುತ್ತಿದ್ದ ಐಸಮ್ಮ ನಕ್ಕಳು. "ಹೋಗುವ! ನಿನ್ನದನ್ನು ನಾನು ಹೊರುದು, ನನ್ನದನ್ನು ನೀನು ಹೊರು. ನೇಜಿಗೆ ಮುಯ್ಯಿ ಉಂಟಂತೆ, ಕಂಬಳಿಗೆ ಇಲ್ಲವಾ?"

ಅವಳು ಅದನ್ನು ಚೇಷ್ಟೆಗೆ ಹೇಳಿದಳು. ಟೀಚರು ನಗಲಿಲ್ಲ. ಎತ್ತಿಟ್ಟುಕೊಂಡಿದ್ದ ಕಾಲುಗಳನ್ನು ಕೆಳಗಿಳಿಸಿ, ನಾಯಿಯ ಪಕ್ಕದಲ್ಲಿಯೇ ಇಟ್ಟು, "ಇನ್ನೊಮ್ಮೆ ಹೇಳಿ ಐಸಮ್ಮ," ಎಂದರು.

ಎರಡನೆಯ ಸಲ ಹೇಳುವಾಗ ಐಸಮ್ಮನ ನಗು ನಿಂತಿತ್ತು.

ಆ ವಾರವಿಡೀ ಹೆಂಗಸರು ತೋಡಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಇದನ್ನೇ ಪಿಸುಗುಟ್ಟಿದರು. ಗಂಡಸರಿಗೆ ಹೇಳಿದವರೂ ಇದ್ದರು, ಹೇಳದವರೂ ಇದ್ದರು. ನನ್ನ ಅಪ್ಪ ಕೇಳಿ, "ನನ್ನನ್ನು ಕೇಳಬೇಡ, ಬೇಡ ಅಂತಲೂ ಹೇಳುದಿಲ್ಲ" ಎಂದನಂತೆ. ತೊಡಕು ಬಂದದ್ದು ಬೇರೆಡೆಯಿಂದ. ಮುಯ್ಯಿ ಎಂದರೆ ಎಲ್ಲರೂ ಕೊಡಬೇಕು. ಟೀಚರ ಪಾಲಿನದ್ದು ಎಂತದು? ತೋಡಿನ ಕೆಳಗಿನ ಮನೆಯ ಮುದುಕಿಯೊಬ್ಬಳು ನೇರವಾಗಿ ಕೇಳಿದಳು: "ನಿಮಗೆ ಗದ್ದೆ ಇಲ್ಲ, ಕಂಬಳಿಯೂ ಇಲ್ಲ. ಲಾರಿ ಹೋದ ಮೇಲೆ ನೀವು ವರ್ಗ ಆಗಿ ಹೋಗುದು, ಪೆಟ್ಟು ತಿನ್ನುದು ನಾವು. ನಿಮ್ಮ ಮುಯ್ಯಿ ಹೇಳಿ."

ಟೀಚರು ಅಂದು ಹಾಗೆಯೇ ಸಂಕ ದಾಟಿ ಹೋದರು. ಮರುದಿನ ಬಂದು ಹೇಳಿದರು: "ಹೆಣ್ಣುಮಕ್ಕಳು ಶಾಲೆ ಬಿಡುದು ಮನೆಯ ಸಣ್ಣ ಮಕ್ಕಳನ್ನು ನೋಡ್ಲಿಕ್ಕೆ ಅಲ್ವಾ? ಆ ಮಕ್ಕಳನ್ನೂ ಶಾಲೆಗೆ ಕಳಿಸಿ. ಜಗಲಿಯಲ್ಲಿ ಮಲಗಿಸುದು. ನಾನು ನೋಡುದು. ಅದು ನನ್ನ ಮುಯ್ಯಿ."

ಮಾರನೆಯ ದಿನವೇ ನಾನು ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡು ಶಾಲೆಗೆ ಹೋದೆ. ಇನ್ನೂ ನಾಲ್ಕೈದು ಶಿಶುಗಳು ಬಂದವು. ಹೆಡ್ಮಾಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಇದು ಶಾಲೆಯೋ ತೊಟ್ಟಿಲ ಅಂಗಡಿಯೋ? ಇನ್‌ಸ್ಪೆಕ್ಟರು ಬಂದರೆ ಇವುಗಳನ್ನು ಯಾವ ಕ್ಲಾಸು ಅಂತ ಹೇಳುದು?" ಟೀಚರು ಅಳುವ ಒಂದು ಮಗುವನ್ನು ಅವರ ಕೈಗೇ ಕೊಟ್ಟು ಒಂದನೆಯ ತರಗತಿಗೆ ಹೋದರು. ಹೆಡ್ಮಾಷ್ಟ್ರು ಅದನ್ನು ಹಿಡಿದುಕೊಂಡೇ ಎರಡನೆಯ ತರಗತಿಗೆ ಲೆಕ್ಕ ಹೇಳಿಕೊಟ್ಟರು.

ಲಾರಿ ಬರುವುದು ಬೆಳಿಗ್ಗೆ, ರಸ್ತೆಯ ತಿರುವಿನಲ್ಲಿ, ಐಸಮ್ಮನ ಮೀನಿನ ಅಂಗಡಿಯ ಎದುರಿಗೆ. ಆ ಬೆಳಗಿನ ತಾರೀಖು ನನಗೆ ಸಿಕ್ಕಿಲ್ಲ. ಆದರೆ ಸುಗ್ಗಿಯ ಪೈರು ತೆನೆಗಟ್ಟಿತ್ತು ಎಂಬುದು ನೆನಪಿದೆ; ಈ ವಿವರಕ್ಕೆ ಮಹತ್ತ್ವವಿದೆ. ಹೆಂಗಸರು ಒಬ್ಬರ ಹಿಂದೆ ಒಬ್ಬರು ಹುಣಿಯ ಮೇಲೆ ನಡೆದು ಬಂದರು, ಪ್ರತಿಯೊಬ್ಬಳ ತಲೆಯ ಮೇಲೆ ಮಡಚಿದ ಕಂಬಳಿ. ಒಬ್ಬಳ ತಲೆಯ ಮೇಲೂ ತನ್ನ ಮನೆಯದ್ದಿರಲಿಲ್ಲ. ನಾವು ಮಕ್ಕಳು ಹಿಂದಿನಿಂದ ಬಂದೆವು. ಹಕ್ಕಿಗಳ ಸದ್ದೂ ಕೇಳುತ್ತಿರಲಿಲ್ಲವೆಂದು ಬರೆಯಲು ಕೈ ಹೋಗುತ್ತದೆ, ಆದರೆ ಅದು ನಿಜವಲ್ಲ. ಕಾಜಾಣಗಳು ಎಂದಿನಂತೆ ಕೂಗುತ್ತಿದ್ದವು. ಇಂದು ಆ ಲಾರಿ ಖಾಲಿ ಹೋಗದಿದ್ದರೆ ನಾನು ಅದರಲ್ಲಿರುತ್ತೇನೆ. ಅದರಾಚೆಗೆ ನನಗೆ ಯಾವ ಯೋಚನೆಯೂ ಇರಲಿಲ್ಲ.

ಮೇಸ್ತ್ರಿ ಲಾರಿಯ ನೆರಳಲ್ಲಿ ನಿಂತಿದ್ದ. "ಇದೆಂತ ಮೆರವಣಿಗೆ?" ಎಂದ, ನಗುತ್ತಾ. "ಧಣಿಗಳಲ್ಲಿ ಮದುವೆ ಉಂಟಾ?"

ಅಮ್ಮ ಮೊದಲು ಮುಂದೆ ಹೋಗಿ ಕಂಬಳಿಯನ್ನು ಅವನ ಕಾಲ ಬಳಿ ಇಟ್ಟಳು. "ಐಸಮ್ಮನದ್ದು."

"ಐಸಮ್ಮನದ್ದು ನೀನು ಯಾಕೆ ತಂದದ್ದು?"

"ಮುಯ್ಯಿಗೆ."

"ನಿನ್ನದೆಲ್ಲಿ?"

"ನನ್ನದನ್ನು ನಾನು ತರ್ಲಿಲ್ಲ."

ಐಸಮ್ಮ ಆಚೆಮನೆಯದ್ದನ್ನು ತಂದಿಟ್ಟಳು. "ನನ್ನನ್ನು ಯಾಕೆ ಹಾಗೆ ನೋಡುದು ಮೇಸ್ತ್ರಿಗಳೇ? ನಾನು ಹೊತ್ತವಳು ಮಾತ್ರ. ಕಂಬಳಿಯವಳತ್ರ ಕೇಳಿ." ಆಚೆಮನೆಯವಳು ತಾನು ತೋಡಿನ ಕೆಳಗಿನವರದ್ದಕ್ಕೆ ಬಂದವಳೆಂದಳು. ಹೀಗೆ ಒಂದೊಂದಾಗಿ ಕಂಬಳಿಗಳು ಬೀಳುತ್ತಾ ಹೋದವು. ಹಿಂತಿರುಗಿಸಿದವರು ಯಾರೆಂದು ಕೇಳಿದರೆ ಇನ್ನೊಬ್ಬರು. ಆ ಇನ್ನೊಬ್ಬರನ್ನು ಕೇಳಿದರೆ ಮತ್ತೊಬ್ಬರು. ಮೇಸ್ತ್ರಿಯ ನಗು ಇನ್ನೂ ಮುಖದಲ್ಲಿತ್ತು, ಆದರೆ ಅವನು ಅದನ್ನು ಮರೆತುಬಿಟ್ಟಂತಿತ್ತು. ಯಾರೊಬ್ಬಳ ಮೇಲೆ ಕೈಯಿಟ್ಟರೂ ಮುಯ್ಯಿಗೆ ಬಂದವಳನ್ನು ಮುಟ್ಟಿದಂತಾಗುತ್ತಿತ್ತು. ಅವನ ಸ್ವಂತ ಗದ್ದೆಯ ಸುಗ್ಗಿ ಕೊಯ್ಲಿಗೆ ಬರುವುದಿತ್ತು, ಕೊಯ್ಯುವ ಕೈಗಳೆಲ್ಲ ಎದುರಿಗೇ ನಿಂತಿದ್ದವು.

ಕೊನೆಯಲ್ಲಿ ಬಂದವಳು ಗೌರಿಯ ತಾಯಿ. ಅವಳ ತಲೆಯ ಮೇಲಿದ್ದದ್ದು ನಮ್ಮ ಮನೆಯ ಕಂಬಳಿ, ನನ್ನದು.

"ನಿನಗೆ ಈ ವರ್ಷ ಕಂಬಳಿಯೇ ಕೊಡ್ಲಿಲ್ಲವಲ್ಲ," ಎಂದ ಮೇಸ್ತ್ರಿ. "ನಿನಗೆಂತ ಮುಯ್ಯಿ?"

"ಹೋದ ವರ್ಷ ನನ್ನದಕ್ಕೆ ಯಾರೂ ಬರ್ಲಿಲ್ಲ," ಎಂದಳು ಅವಳು. ನಮ್ಮ ಹೆಂಗಸರೆಲ್ಲ ನೆಲ ನೋಡಿದರು. "ನಾನು ಬಂದಿದ್ದೇನೆ."

"ಕಂಬಳಿ ಆಯ್ತು. ತಿಂದ ಅಕ್ಕಿ?"

"ಅದನ್ನು ಗೌರಿ ತೀರಿಸಿದ್ದಾಳೆ."

ಆಗ ಮೇಸ್ತ್ರಿ ಮೊದಲ ಬಾರಿಗೆ ಹೆಂಗಸರನ್ನು ಬಿಟ್ಟು ಹಿಂದೆ ನೋಡಿದ. ಅಲ್ಲಿ ಟೀಚರು ನಿಂತಿದ್ದರು. ಒಂದು ಸೊಂಟದಲ್ಲಿ ನನ್ನ ತಮ್ಮ, ಇನ್ನೊಂದರಲ್ಲಿ ಮತ್ತೊಂದು ಶಿಶು. ಅದು ಅವರ ಕಿವಿಯ ಓಲೆಯನ್ನು ಹಿಡಿದು ಜಗ್ಗುತ್ತಿತ್ತು. ಕಿವಿ ಎಷ್ಟು ಕೆಂಪಾಗಿತ್ತೆಂದರೆ ಓಲೆಯೇ ಕಾಣುತ್ತಿರಲಿಲ್ಲ.

"ಟೀಚರೇ, ನಿಮ್ಮನ್ನು ಇಲ್ಲಿಂದ ಎಬ್ಬಿಸ್ಲಿಕ್ಕೆ ಒಂದು ಕಾಗದ ಸಾಕು."

"ಸಾಕು ಅಂತ ಗೊತ್ತುಂಟು," ಎಂದರು. "ನನಗೆ ಹೆದರಿಕೆ ಉಂಟು ಮೇಸ್ತ್ರಿಗಳೇ, ನಿಮಗೆ ಕಾಣುತ್ತಾ ಉಂಟಲ್ಲ. ಹೆದರಿಕೊಂಡೇ ಹೇಳುದು. ಈ ಮಕ್ಕಳು ಇವತ್ತು ಶಾಲೆಗೆ ಬರುದು. ಹೊತ್ತಾಯ್ತು."

ಹೀಗೆಂದು ಅವರು ತಿರುಗಿ ನಡೆದರು. ನಾವು ಅವರ ಹಿಂದೆ ನಡೆದೆವು. ಬೆನ್ನ ಹಿಂದೆ ಲಾರಿಯ ಎಂಜಿನು ಶುರುವಾದಾಗ ನಾನು ಓಡಲಿಲ್ಲ. ಸದ್ದು ನಮ್ಮ ಕಡೆಗೆ ಬರುತ್ತದೆಯೋ ಘಟ್ಟದ ಕಡೆಗೆ ಹೋಗುತ್ತದೆಯೋ ಎಂದು ಕೇಳುತ್ತಾ ನಡೆದೆ. ಅದು ಘಟ್ಟದ ಕಡೆಗೆ ಹೋಯಿತು.

ಸಂಶೋಧಕಿಯಾಗಿ ಇಲ್ಲಿ ಎರಡು ತಿದ್ದುಪಡಿಗಳನ್ನು ಸೇರಿಸಬೇಕು. ಒಂದು: ಲಾರಿ ಪೂರ್ಣ ಖಾಲಿಯಾಗಿ ಹೋಗಲಿಲ್ಲ. ತೋಡಿನ ಕೆಳಗಿನ ಒಬ್ಬ ತಂದೆ ಹೆಂಡತಿಗೂ ತಿಳಿಸದೆ ಮಗನನ್ನು ಕಾಡುದಾರಿಯಲ್ಲಿ ಕರೆದೊಯ್ದು, ಘಟ್ಟದ ಬುಡದ ಸಂಪಾಜೆಯಲ್ಲಿ ಅದೇ ಲಾರಿಗೆ ಹತ್ತಿಸಿದ್ದ. ಆ ಹುಡುಗ ಮರಳಿದ, ಶಾಲೆಗೆ ಮರಳಲಿಲ್ಲ. ಎರಡು: ಹೆದರಿಕೆ ಆ ದಿನಕ್ಕೆ ಮುಗಿಯಲಿಲ್ಲ. ಗಂಡಸರಿಗೆ ಮಳೆಗಾಲದವರೆಗೂ ಜಲ್ಲಿಯ ಕೆಲಸ ಸಿಗಲಿಲ್ಲ. ಹಲಸಿನ ಬೀಜ ಬೇಯಿಸಿ ತಿಂದ ದಿನಗಳಿದ್ದವು. ಪ್ರತಿ ಲಾರಿಯ ಸದ್ದಿಗೆ ಅಮ್ಮ ಹೊರಗೆ ಬಂದು ನನ್ನನ್ನು ಹುಡುಕುತ್ತಿದ್ದಳು. ಆದರೆ ಅಷ್ಟೂ ಬಿಡಾರಗಳನ್ನು ಒಮ್ಮೆಲೇ ಎಬ್ಬಿಸಲು ಧಣಿಗಳಿಗೂ ಸಾಧ್ಯವಾಗಲಿಲ್ಲ. ಮರುವರ್ಷ ಬಂದ ಕಂಬಳಿಗಳು ಕಡಿಮೆ. ಅವೂ ಬಂದ ದಾರಿಯಲ್ಲಿಯೇ ಹೋದವು. ಆಮೇಲೆ ರಸ್ತೆಯ ಉದ್ದಕ್ಕೂ ಇನ್ನೆರಡು ಊರಿನ ಹೆಂಗಸರು ಇದನ್ನು ಕೇಳಿ ತಿಳಿದು ಹೋದರು. ಅರುವತ್ತರ ದಶಕದ ಮೊದಲಿಗೆ ಅವರೂ ನಮ್ಮವರೂ ಒಂದೇ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ, ಶಿಶುಗಳನ್ನು ಶಾಲೆಯ ಜಗಲಿಗೆ ತರಲು ಅಡ್ಡಿ ಮಾಡಬಾರದೆಂದು ಶಿಕ್ಷಣದ ಅಧಿಕಾರಿಗಳ ಎದುರು ನಿಂತರು. ಮಾತನಾಡಬೇಕಾದ ಐಸಮ್ಮನಿಗೆ ಬಸ್ಸಿನಲ್ಲಿ ವಾಂತಿಯಾಗಿ ಸ್ವರವೇ ಹೊರಡಲಿಲ್ಲ. ಗೌರಿಯ ತಾಯಿ ಮಾತನಾಡಿದಳು.

ಟೀಚರು ಅಷ್ಟರಲ್ಲಿ ನಮ್ಮ ಶಾಲೆಯಲ್ಲಿರಲಿಲ್ಲ. ಲಾರಿಯ ಮರುವರ್ಷದ ಜೂನಿನಲ್ಲಿ ಅವರಿಗೆ ನೆಲ್ಯಾಡಿಯ ಕಡೆಗೆ ವರ್ಗವಾಯಿತು. ಮೇಸ್ತ್ರಿಯ ಕಾಗದವೇ ಅದಕ್ಕೆ ಕಾರಣವೆಂದು ಊರು ನಂಬಿತು; ನನ್ನಲ್ಲಿ ಆಧಾರವಿಲ್ಲ, ಆದ್ದರಿಂದ ಹಾಗೆಂದು ಬರೆಯಲಾರೆ. ಅವರು ಹೊರಟ ದಿನ ಹೆಂಗಸರು ಸಂಕದವರೆಗೆ ಹೋದರು. ಶಿಶುಗಳ ಪಾಳಿಯನ್ನು ಗೌರಿಯ ತಾಯಿ ವಹಿಸಿಕೊಂಡಿದ್ದಳು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಪುತ್ತೂರಿನ ಬಳಿಯ ಬೆಟ್ಟಂಪಾಡಿಯಲ್ಲಿ, ಅವರ ತಮ್ಮನ ಮನೆಯಲ್ಲಿ. ಇದು ೧೯೬೮ ಇರಬೇಕು. ನಾನು ಆಗ ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಎದೆಯ ಕಾಯಿಲೆಯಿಂದ ಅವರು ತೀರಾ ಸಣ್ಣಗಾಗಿದ್ದರು. ವಯಸ್ಸು ನಲವತ್ತು ದಾಟಿರಲಾರದು. ಊರಿನ ಸುದ್ದಿ ಕೇಳಿದರು. ಲಾರಿ ಈಗ ಬರುವುದೇ ಇಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದೆ. ಮಾತಿನ ಓಘದಲ್ಲಿ, ಈಗ ಹುಡುಗರು ಬೊಂಬಾಯಿಯ ಹೋಟೆಲುಗಳಿಗೆ ಲೋಟ ತೊಳೆಯಲು ಹೋಗುತ್ತಾರೆ, ಒಬ್ಬ ಮನುಷ್ಯ ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಕರೆದುಕೊಂಡು ಹೋಗುತ್ತಾನೆ, ಎಂದೂ ಹೇಳಿದೆ.

ಕೆಮ್ಮಿ, ಸುಧಾರಿಸಿಕೊಂಡು, ಕೇಳಿದರು: "ಯಾವಾಗ?"

"ಸೋಮವಾರ ಬೆಳಿಗ್ಗೆ ಅಂತ ಕೇಳಿದ್ದೇನೆ."

"ಇವತ್ತು ಆದಿತ್ಯವಾರ. ನೀನು ಇಲ್ಲಿ ಎಂತ ಮಾಡುದು?"

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ನಾನು ಏನು ಮಾಡಬಲ್ಲೆ, ಆ ಮನುಷ್ಯ ಯಾರೋ, ಅವನ ಹಿಂದೆ ಯಾರಿದ್ದಾರೋ, ನನಗೆ ಹೆದರಿಕೆಯಾಗುತ್ತದೆ ಎಂದೆ. ಅವರು ತಲೆಯಾಡಿಸಿದರು, ಅದು ಸಹಜವಾದ ಮಾತು ಎಂಬಂತೆ.

"ಹೆದರಿಕೆ ಆಗ್ಲೇಬೇಕು. ಒಬ್ಬಳೇ ಹೋಗಬೇಡ," ಎಂದರು.

ನಾನು ಐಸಮ್ಮನ ಮಗಳನ್ನು ಕರೆದುಕೊಂಡು ಹೋದೆ. ಅವಳು ಆಗ ಸುಳ್ಯದಲ್ಲಿ ದಾದಿಯ ಕೆಲಸ ಕಲಿಯುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ, ಬುಟ್ಟಿಗಳ ನಡುವೆ, ತಗಡಿನ ಪೆಟ್ಟಿಗೆಯ ಮೇಲೆ ಮೂವರು ಹುಡುಗರು ಕುಳಿತಿದ್ದರು. ಇಸ್ತ್ರಿ ಹಾಕಿದ ಅಂಗಿಯ ಮನುಷ್ಯನೊಬ್ಬ ಅವರಿಗೆ ಕಡ್ಲೆ ಕೊಡಿಸುತ್ತಿದ್ದ. "ನೀನು ಮಾತಾಡು," ಎಂದಳು ಅವಳು. "ನೀನೇ ಮಾತಾಡು," ಎಂದೆ ನಾನು. ಹೀಗೆಯೇ ಬಹಳ ಹೊತ್ತು ನಿಂತೆವು. ಬಸ್ಸು ಬಂದು ನಿಂತಾಗ ಬೇರೆ ದಾರಿಯಿರಲಿಲ್ಲ. ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ನಾವಿಬ್ಬರೂ ಒಟ್ಟಿಗೇ ಕೇಳಿದೆವು, ಅದೂ ಬೇಕಾದದ್ದಕ್ಕಿಂತ ದೊಡ್ಡ ಸ್ವರದಲ್ಲಿ. ಸುತ್ತಲಿದ್ದ ಹೂವು ಮಾರುವವರೂ ಕಂಡಕ್ಟರೂ ತಿರುಗಿ ನೋಡಿದರು. ಆ ಮನುಷ್ಯ, "ನೀವು ಯಾರು, ಇವರ ಅಕ್ಕಂದಿರಾ?" ಎಂದು ನಕ್ಕ. ಹೂವಿನವಳೊಬ್ಬಳು ಬುಟ್ಟಿ ಕೆಳಗಿಟ್ಟು ನಮ್ಮ ಪಕ್ಕಕ್ಕೆ ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬಳು.

ಆ ದಿನ ಇಬ್ಬರು ಹುಡುಗರು ಬಸ್ಸು ಹತ್ತಿಹೋದರು. ಒಬ್ಬ ಉಳಿದ. ಮನೆ ಕಡಬದ ಕಡೆ, ನಾಲ್ಕನೆಯ ಕ್ಲಾಸು, ಎಂದು ಕೈಯಲ್ಲಿ ಕಡ್ಲೆಯ ಪೊಟ್ಟಣ ಹಿಡಿದುಕೊಂಡೇ ಹೇಳಿದ.

ಇದನ್ನು ಟೀಚರಿಗೆ ಹೇಳಬೇಕೆಂದು ಮುಂದಿನ ವಾರ ಬೆಟ್ಟಂಪಾಡಿಗೆ ಹೋದಾಗ ಅಂಗಳದಲ್ಲಿ ಜನರಿದ್ದರು, ಎಲ್ಲವೂ ಮುಗಿದಿತ್ತು. ಅವರು ತೀರಿಕೊಂಡ ದಿನದ ಬಗ್ಗೆ ನನಗೆ ಎರಡು ತಾರೀಖುಗಳು ಸಿಕ್ಕಿವೆ; ಅವರ ತಮ್ಮ ಒಂದು ಹೇಳುತ್ತಾರೆ, ನೆರೆಯವರು ಇನ್ನೊಂದು. ನಾನು ಇತ್ಯರ್ಥ ಮಾಡಲು ಹೋಗಿಲ್ಲ. ಎರಡರಲ್ಲಿ ಯಾವುದು ಸರಿಯಾದರೂ, ಕಡಬದ ಆ ಹುಡುಗ ಅಂದು ತನ್ನ ಊರಿನ ಶಾಲೆಯಲ್ಲಿದ್ದ. ನಾನು ಬೆಟ್ಟಂಪಾಡಿಗೆ ಹೊರಡುವ ಹಿಂದಿನ ದಿನವಷ್ಟೇ ನಾನೂ ಐಸಮ್ಮನ ಮಗಳೂ ಅಲ್ಲಿಗೆ ಹೋಗಿ ಕಿಟಕಿಯಿಂದ ನೋಡಿ ಬಂದಿದ್ದೆವು.